ಕಾರಿನ ಎಸಿ ಹೋಸ್ ಬದಲಿಸುವುದು: ಎಷ್ಟು ಮನೆಯಲ್ಲಿ, ಎಷ್ಟು ಗ್ಯಾರೇಜಿನಲ್ಲಿ?

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದರೆ ಸಾಕು, ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. "ಹೋದ ವರ್ಷವಷ್ಟೇ ಗ್ಯಾಸ್ ತುಂಬಿಸಿದ್ದೆ, ಈಗ ಮತ್ತೆ ಖಾಲಿ ಅಂತಿದ್ದಾರೆ." "ಹೋಸ್ ಹೋಗಿದೆ ಅಂದರು, ನಾನೇ ಹಾಕಿಕೊಳ್ಳಬಹುದಾ?"

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಎಸಿ ಗ್ಯಾಸ್ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಹೋಸ್‌ನ ರಬ್ಬರ್ ಮೂಲಕ, ಕಂಪ್ರೆಸರ್‌ನ (ಗ್ಯಾಸನ್ನು ಒತ್ತಿ ತಳ್ಳುವ ಪಂಪು) ಸೀಲ್ ಮೂಲಕ ಒಂದಿಷ್ಟು ಜಿನುಗುವುದು ಸಹಜ. ಆದರೆ ಒಂದೇ ಬೇಸಿಗೆಗೆ ಖಾಲಿಯಾಯಿತು ಅಂದರೆ ಎಲ್ಲೋ ತೂತಿದೆ ಅಂತಲೇ ಅರ್ಥ. ತೂತು ಹುಡುಕದೆ "ಟಾಪ್‌ಅಪ್" ಮಾಡಿಕೊಡುವವರ ಹತ್ತಿರ ಮತ್ತೆ ಹೋಗಬೇಡಿ.

ಎರಡನೆಯದಕ್ಕೆ ಉತ್ತರ: ಅರ್ಧ ಕೆಲಸ ನೀವು ಮಾಡಬಹುದು. ಹೋಸ್ ಬಿಚ್ಚಿ ಹಾಕುವುದು ಸ್ಪ್ಯಾನರ್ ಹಿಡಿದು ಅಭ್ಯಾಸವಿರುವ ಯಾರಿಗೂ ಕಷ್ಟವಲ್ಲ. ಹಳೆ ಗ್ಯಾಸ್ ತೆಗೆಯುವುದಕ್ಕೆ, ಕೊಳವೆಯೊಳಗಿನ ಗಾಳಿ ಎಳೆಯುವುದಕ್ಕೆ, ತೂಕ ನೋಡಿ ಹೊಸ ಗ್ಯಾಸ್ ತುಂಬುವುದಕ್ಕೆ ಯಂತ್ರ ಬೇಕು. ಆ ಅರ್ಧವನ್ನು ಯಂತ್ರ ಇರುವವರಿಗೇ ಬಿಡಿ ಎನ್ನುವುದು ನನ್ನ ಸಲಹೆ. ಆದರೂ ಆ ಹಂತಗಳನ್ನು ಇಲ್ಲಿ ವಿವರವಾಗಿಯೇ ಬರೆದಿದ್ದೇನೆ. ಅಲ್ಲಿ ಏನು ನಡೆಯಬೇಕು ಅಂತ ಗೊತ್ತಿದ್ದರೆ, ನಡೆಯದಿದ್ದಾಗ ಕೇಳಬಹುದು.

ಯಾವ ಕಾರಿಗೆ ಇದು ಅನ್ವಯಿಸುತ್ತದೆ

ಬೆಲ್ಟ್‌ನಿಂದ ತಿರುಗುವ ಕಂಪ್ರೆಸರ್ ಇರುವ, ಆರ್-134ಎ ಗ್ಯಾಸ್ ಬಳಸುವ ಪೆಟ್ರೋಲ್, ಡೀಸೆಲ್ ಕಾರುಗಳಿಗೆ. ನಮ್ಮ ರಸ್ತೆಗಳಲ್ಲಿ ಓಡುವ ಬಹುಪಾಲು ಕಾರುಗಳು ಇವೇ. ನಿಮ್ಮದು ಯಾವುದು ಎನ್ನುವುದು ಬಾನೆಟ್ ಎತ್ತಿದರೆ ಒಳಗೆ ಅಂಟಿಸಿರುವ ಸ್ಟಿಕರ್‌ನಲ್ಲಿದೆ. ಗ್ಯಾಸ್‌ನ ಹೆಸರು, ಎಷ್ಟು ಗ್ರಾಂ ಹಿಡಿಯುತ್ತದೆ, ಕೆಲವು ಕಾರುಗಳಲ್ಲಿ ಆಯಿಲ್ ಯಾವುದು ಎನ್ನುವುದೂ ಅದರಲ್ಲಿ ಇರುತ್ತದೆ. ಅದರ ಫೋಟೋ ಈಗಲೇ ತೆಗೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸ್ಟಿಕರ್‌ನಲ್ಲಿ ಆರ್-1234ವೈಎಫ್ ಎಂದಿದ್ದರೆ ಮನೆಯಲ್ಲಿ ಕೈ ಹಾಕಬೇಡಿ. ಅದು ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗ್ಯಾಸ್, ಅದರ ಯಂತ್ರಗಳೂ ಬೇರೆ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳನ್ನಂತೂ ಪೂರ್ತಿ ಬಿಟ್ಟುಬಿಡಿ. ಅವುಗಳಲ್ಲಿ ಹಲವಕ್ಕೆ ಕಂಪ್ರೆಸರ್ ಓಡುವುದೇ ಹೈ ವೋಲ್ಟೇಜ್ ಕರೆಂಟಿನಲ್ಲಿ. ಅದಕ್ಕೆ ಹೋಗುವ ಕಿತ್ತಳೆ ಬಣ್ಣದ ವೈರು ಮುಟ್ಟುವ ವಸ್ತುವಲ್ಲ. ಅದರ ಆಯಿಲ್ ಕೂಡ ಬೇರೆ. ಮಾಮೂಲಿ ಎಸಿ ಆಯಿಲ್ ಹಾಕಿದರೆ ಒಳಗಿನ ವಿದ್ಯುತ್ ನಿರೋಧ ಕೆಡುತ್ತದೆ.

ಮೂರು ಕೊಳವೆಗಳ ಪರಿಚಯ

ಬಾನೆಟ್ ಎತ್ತಿ ನೋಡಿದರೆ ಕಾಣುವ ಎಸಿ ಕೊಳವೆಗಳು ಮುಖ್ಯವಾಗಿ ಮೂರು.

ಡಿಸ್‌ಚಾರ್ಜ್ ಹೋಸ್: ಕಂಪ್ರೆಸರ್‌ನಿಂದ ಮುಂದಿನ ಕಂಡೆನ್ಸರ್‌ಗೆ ಹೋಗುತ್ತದೆ. ಕಂಡೆನ್ಸರ್ ಎಂದರೆ ರೇಡಿಯೇಟರ್ ಮುಂದೆ ನಿಂತಿರುವ ಜಾಲರಿ. ಒಳಗೆ ಬಿಸಿ ಗ್ಯಾಸ್ ಇರುತ್ತದೆ, ಒತ್ತಡವೂ ಹೆಚ್ಚು. ಎಸಿ ಓಡುವಾಗ ಮುಟ್ಟಿದರೆ ಕೈ ಸುಡುತ್ತದೆ.

ಲಿಕ್ವಿಡ್ ಲೈನ್: ಕಂಡೆನ್ಸರ್‌ನಿಂದ ಡ್ಯಾಶ್‌ಬೋರ್ಡ್ ಕಡೆಗೆ ಹೋಗುವ ತೆಳ್ಳನೆಯ ಕೊಳವೆ. ಇದು ಬಹುತೇಕ ಅಲ್ಯೂಮಿನಿಯಂ.

ಸಕ್ಷನ್ ಹೋಸ್: ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಿಂದ ಕಂಪ್ರೆಸರ್‌ಗೆ ವಾಪಸ್ ಬರುವ ದಪ್ಪ ಕೊಳವೆ. ತಣ್ಣಗಿರುತ್ತದೆ, ಮೇಲೆ ನೀರು ಹನಿಗಟ್ಟುತ್ತದೆ. ಆ ನೀರು ನೋಡಿ ಲೀಕ್ ಅಂದುಕೊಂಡು ಬರೆಯುವವರು ಪ್ರತಿ ವರ್ಷವೂ ಇದ್ದಾರೆ. ಅದು ಲೀಕ್ ಅಲ್ಲ.

ಪೂರ್ತಿ ಅಲ್ಯೂಮಿನಿಯಂ ಪೈಪನ್ನೇ ಹಾಕದೆ ನಡುವೆ ರಬ್ಬರ್ ಯಾಕೆ? ಕಂಪ್ರೆಸರ್ ಕೂತಿರುವುದು ಎಂಜಿನ್ ಮೇಲೆ, ಎಂಜಿನ್ ಅಲುಗಾಡುತ್ತದೆ. ಕಂಡೆನ್ಸರ್ ಕೂತಿರುವುದು ಕಾರಿನ ಬಾಡಿಯ ಮೇಲೆ, ಅದು ಅಲುಗಾಡುವುದಿಲ್ಲ. ಇವೆರಡರ ನಡುವಿನ ಎಳೆದಾಟ ತಡೆಯುವುದು ಆ ಗೇಣುದ್ದದ ರಬ್ಬರ್. ಹಾಗಾಗಿ ಹೋಸ್ ಹೆಚ್ಚಾಗಿ ಸೋರುವುದು ರಬ್ಬರ್ ಮತ್ತು ಅಲ್ಯೂಮಿನಿಯಂ ಸೇರುವ ಕಡೆ, ಅಂದರೆ ಕ್ರಿಂಪ್ ಮಾಡಿದ ಜಾಗದಲ್ಲಿ. ರಬ್ಬರ್ ಮೇಲೆ ಲೋಹದ ಬಳೆ ಹಾಕಿ ಯಂತ್ರದಲ್ಲಿ ಒತ್ತಿರುತ್ತಾರಲ್ಲ, ಅದೇ ಕ್ರಿಂಪ್.

ಹಂತ 1: ಹೋಸೇ ಹೋಗಿದೆಯಾ ಎಂದು ಖಚಿತ ಮಾಡಿಕೊಳ್ಳಿ

ಕಂಪ್ರೆಸರ್‌ಗೆ ಬೇಕಾದ ಆಯಿಲ್ ಗ್ಯಾಸ್ ಜೊತೆಗೇ ಕೊಳವೆಗಳಲ್ಲಿ ಸುತ್ತುತ್ತದೆ. ಗ್ಯಾಸ್ ಸೋರಿದ ಕಡೆ ಆಯಿಲ್ ಕೂಡ ಒಸರುತ್ತದೆ, ಅದಕ್ಕೆ ಧೂಳು ಹತ್ತಿ ಕಪ್ಪಗೆ ಜಿಡ್ಡುಗಟ್ಟುತ್ತದೆ. ಬೆಳಕಿನಲ್ಲಿ ಟಾರ್ಚ್ ಹಿಡಿದು ಪ್ರತಿ ಕ್ರಿಂಪ್, ಪ್ರತಿ ಜಾಯಿಂಟ್ ನೋಡಿ. ಹೋಸ್‌ನ ಕೆಳಭಾಗಕ್ಕೆ ಕನ್ನಡಿ ಹಿಡಿಯಿರಿ, ಆಯಿಲ್ ಇಳಿದು ನಿಲ್ಲುವುದು ಅಲ್ಲೇ.

ಜಿಡ್ಡು ಕಂಡ ಕಡೆ ಸೋಪಿನ ನೀರು ಬಳಿಯಿರಿ. ಒಳಗೆ ಇನ್ನೂ ಒತ್ತಡ ಇದ್ದರೆ ಗುಳ್ಳೆ ಏಳುತ್ತದೆ. ಸಣ್ಣ ಸೋರಿಕೆಗೆ ಗುಳ್ಳೆ ಬರಲು ಎರಡು ಮೂರು ನಿಮಿಷ ಬೇಕು, ತಾಳ್ಮೆ ಇರಲಿ. ಗ್ಯಾಸ್ ಪೂರ್ತಿ ಖಾಲಿಯಾಗಿದ್ದರೆ ಗ್ಯಾರೇಜಿನಲ್ಲಿ ನೈಟ್ರೋಜನ್ ತುಂಬಿಸಿ ಪರೀಕ್ಷೆ ಮಾಡಿಸಿ. ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ಮಾತ್ರ ಪರೀಕ್ಷೆ ಬೇಡವೇ ಬೇಡ. ಆ ಗಾಳಿಯಲ್ಲಿ ತೇವ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಆರ್-134ಎ ಗಾಳಿಯ ಜೊತೆ ಬೆರೆತು ಒತ್ತಡಕ್ಕೆ ಸಿಕ್ಕರೆ ಬೆಂಕಿ ಹಿಡಿಯುವ ಸಾಧ್ಯತೆ ಇದೆ.

ನಿಂತ ಕಾರಿಗೆ ಗೇಜ್ ಹಾಕಿ "ಒತ್ತಡ 95 ಇದೆ, ಗ್ಯಾಸ್ ಫುಲ್ ಇದೆ" ಎನ್ನುವವರೂ ಸಿಗುತ್ತಾರೆ, ನಂಬಬೇಡಿ. ಆರ್-134ಎ ಗ್ಯಾಸ್‌ನ ದ್ರವ ಒಂದು ಚೂರು ಒಳಗಿದ್ದರೂ 30 ಡಿಗ್ರಿ ಶಾಖದಲ್ಲಿ ಒತ್ತಡ ಸುಮಾರು 95ರಿಂದ 100 ಪಿಎಸ್‌ಐ ತೋರಿಸುತ್ತದೆ. 100 ಗ್ರಾಂ ಇದ್ದರೂ ಅಷ್ಟೇ, 400 ಗ್ರಾಂ ಇದ್ದರೂ ಅಷ್ಟೇ. ಎಷ್ಟಿದೆ ಎನ್ನುವುದು ತಕ್ಕಡಿಗೆ ಮಾತ್ರ ಗೊತ್ತು.

ಹೋಸ್ ಯಾಕೆ ಹೋಯಿತು ಎನ್ನುವುದನ್ನೂ ಇದೇ ಹಂತದಲ್ಲಿ ಕೇಳಿಕೊಳ್ಳಿ. ಹಳೆಯದಾಗಿ ಹೋದರೆ ಸರಿ. ಡಿಸ್‌ಚಾರ್ಜ್ ಹೋಸ್ ಏಕಾಏಕಿ ಒಡೆದಿದ್ದರೆ ಕಂಡೆನ್ಸರ್ ಮುಂದಿನ ಅಥವಾ ಹಿಂದಿನ ಫ್ಯಾನ್ ಓಡುತ್ತಿದೆಯಾ ನೋಡಿ. ಫ್ಯಾನ್ ನಿಂತರೆ ಟ್ರಾಫಿಕ್‌ನಲ್ಲಿ ಒತ್ತಡ ಮಿತಿ ಮೀರುತ್ತದೆ. ಕ್ರಿಂಪ್ ಹತ್ತಿರ ಕಿತ್ತು ಬಂದಂತಿದ್ದರೆ ಎಂಜಿನ್ ಮೌಂಟ್ (ಎಂಜಿನ್ ಹೊತ್ತಿರುವ ರಬ್ಬರ್ ಆಧಾರ) ಕೂತುಹೋಗಿರಬಹುದು. ಮಂಗಳೂರು, ಉಡುಪಿ, ಕಾರವಾರದ ಕಡೆಯ ಕಾರುಗಳಲ್ಲಿ ಉಪ್ಪು ಗಾಳಿಗೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿಂದುಹೋಗುವುದು ಮಾಮೂಲು. ಇನ್ನು ಹಲ್ಲಿನ ಗುರುತು ಇದ್ದರೆ ಇಲಿ. ಅದು ಹೋಸ್ ಒಂದನ್ನೇ ಕಚ್ಚಿ ಸುಮ್ಮನಾಗುವ ಪ್ರಾಣಿಯಲ್ಲ, ಪಕ್ಕದ ವೈರುಗಳನ್ನೂ ನೋಡಿಕೊಳ್ಳಿ.

ಹಂತ 2: ಸಾಮಾನು ಹೊಂದಿಸಿಕೊಳ್ಳಿ

ಹೋಸ್‌ಗೆ ಎರಡು ದಾರಿ. ಒಂದು, ನಿಮ್ಮ ಕಾರಿನ ಪಾರ್ಟ್ ನಂಬರ್ ಹೇಳಿ ಹೊಸದೇ ತರುವುದು. ಮಾಡೆಲ್ ಒಂದೇ ಆದರೂ ತಯಾರಾದ ವರ್ಷ, ಪೆಟ್ರೋಲಾ ಡೀಸೆಲಾ ಎಂಬುದರ ಮೇಲೆ ಹೋಸ್‌ನ ಬಾಗು ಬದಲಾಗುತ್ತದೆ. ಹಾಗಾಗಿ ಚಾಸಿಸ್ ನಂಬರ್ ಕೊಟ್ಟು ತರಿಸುವುದು ಕ್ಷೇಮ. ಎರಡು, ಹಳೆ ಹೋಸ್‌ನ ಅಲ್ಯೂಮಿನಿಯಂ ತುದಿಗಳು ಚೆನ್ನಾಗಿದ್ದರೆ ರಬ್ಬರ್ ಮಾತ್ರ ಹೊಸದು ಹಾಕಿಸಿ ಕ್ರಿಂಪ್ ಮಾಡಿಸುವುದು. ಬೆಂಗಳೂರಿನಲ್ಲಾದರೆ ಜೆಸಿ ರಸ್ತೆ, ಕಲಾಸಿಪಾಳ್ಯದ ಕಡೆ ಕೇಳಿ ನೋಡಿ. ಬೇರೆ ಊರುಗಳಲ್ಲಿ ಬಸ್, ಲಾರಿಗಳ ಎಸಿ ಕೆಲಸ ಮಾಡುವವರನ್ನು ಹುಡುಕಿ.

ಕ್ರಿಂಪ್ ಮಾಡಿಸುವಾಗ ಒಂದು ವಿಷಯ ಬಿಡಬೇಡಿ. ಅದು ಎಸಿಗೆಂದೇ ಮಾಡಿದ "ಬ್ಯಾರಿಯರ್" ಹೋಸ್ ಆಗಿರಬೇಕು. ಅದರ ರಬ್ಬರ್ ಪದರಗಳ ನಡುವೆ ಗ್ಯಾಸ್ ಜಿನುಗದಂತೆ ನೈಲಾನ್ ಪದರ ಇರುತ್ತದೆ. ಮೇಲೆ ಎಸ್‌ಎಇ ಜೆ2064 ಎಂದು ಅಚ್ಚಾಗಿರುತ್ತದೆ, ಓದಿ ನೋಡಿ. ಜೆಸಿಬಿಗೆ ಹಾಕುವ ಹೈಡ್ರಾಲಿಕ್ ಹೋಸ್ ನೋಡಲು ಇನ್ನೂ ಗಟ್ಟಿಯಾಗಿ ಕಾಣುತ್ತದೆ, ಅಂಗಡಿಯವನು "ಇದು ಡಬಲ್ ಸ್ಟ್ರಾಂಗ್ ಸಾರ್" ಎಂದು ಹೇಳಿಯೂ ಹೇಳುತ್ತಾನೆ. ಅದು ಆಯಿಲ್ ತಡೆಯುತ್ತದೆ, ಗ್ಯಾಸ್ ತಡೆಯುವುದಿಲ್ಲ. ಜುಬಿಲಿ ಕ್ಲಿಪ್ ಹಾಕಿ ಬಿಗಿಯುವವರ ಅಂಗಡಿಯಿಂದ ಎದ್ದು ಬನ್ನಿ.

ಉಳಿದ ಸಾಮಾನು: ನಿಮ್ಮ ಕಾರಿನ ಅಳತೆಯ ಹೊಸ ಓ-ರಿಂಗ್‌ಗಳು (ಜಾಯಿಂಟ್ ಸೋರದಂತೆ ಒಳಗೆ ಕೂರುವ ರಬ್ಬರ್ ಬಳೆಗಳು), ಸ್ಟಿಕರ್‌ನಲ್ಲಿ ಅಥವಾ ಸರ್ವಿಸ್ ಮ್ಯಾನ್ಯುಅಲ್‌ನಲ್ಲಿ ಹೇಳಿದ ಪಿಎಜಿ ಎಂಬ ಎಸಿ ಆಯಿಲ್‌ನ ಸಣ್ಣ ಡಬ್ಬಿ (ಪಿಎಜಿ 46, 100, 150 ಎಂದು ದಪ್ಪದ ಮೇಲೆ ಬೇರೆ ಬೇರೆ ಇವೆ, ನಿಮ್ಮದಕ್ಕೆ ಯಾವುದೋ ಅದೇ), 10 ಮತ್ತು 12ರ ಸ್ಪ್ಯಾನರ್ ಹಾಗೂ ಸಾಕೆಟ್, ನೂಲು ಬಿಡದ ಬಟ್ಟೆ, ಶುಭ್ರವಾದ ಪ್ಲಾಸ್ಟಿಕ್ ಕವರ್, ರಬ್ಬರ್ ಬ್ಯಾಂಡ್, ಮಿಲಿಲೀಟರ್ ಗುರುತಿರುವ ಔಷಧಿ ಲೋಟ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್.

ಆಯಿಲ್ ಡಬ್ಬಿ ಬಳಸುವ ಗಳಿಗೆವರೆಗೂ ತೆರೆಯಬೇಡಿ. ಪಿಎಜಿ ಆಯಿಲ್ ಗಾಳಿಯಲ್ಲಿರುವ ತೇವವನ್ನು ಬೇಗ ಹೀರಿಕೊಳ್ಳುತ್ತದೆ. ಹೋದ ವರ್ಷ ಅರ್ಧ ಬಳಸಿ ಶೆಡ್ಡಿನಲ್ಲಿಟ್ಟ ಡಬ್ಬಿ ಈಗ ಕೆಲಸಕ್ಕೆ ಬಾರದು.

ರಿಸೀವರ್ ಡ್ರೈಯರ್ ಬದಲಿಸಬೇಕಾ? ಇದು ತೇವ ಹೀರುವ ಕಾಳುಗಳಿರುವ ಸಣ್ಣ ಡಬ್ಬಿ. ಹಲವು ಕಾರುಗಳಲ್ಲಿ ಕಂಡೆನ್ಸರ್ ಪಕ್ಕಕ್ಕೇ ಸೇರಿಕೊಂಡಿರುತ್ತದೆ. ಹೋಸ್ ಒಡೆದು ದಿನಗಟ್ಟಲೆ ಹಾಗೇ ಬಿಟ್ಟಿದ್ದರೆ, ಅದರಲ್ಲೂ ಮಳೆಗಾಲದಲ್ಲಿ, ಬದಲಿಸಿ. ಅರ್ಧ ಗಂಟೆಯಲ್ಲಿ ಹೋಸ್ ಹಾಕಿ ಮುಚ್ಚುವುದಾದರೆ, ಡ್ರೈಯರ್ ತೀರಾ ಹಳೆಯದಲ್ಲದಿದ್ದರೆ, ಬಿಡಬಹುದು.

ಹಂತ 3: ಗ್ಯಾಸ್ ತೆಗೆಸಿ

ಇದು ಗ್ಯಾರೇಜಿನ ಕೆಲಸ. ಫೋನಿನಲ್ಲೇ ಕೇಳಿ: "ರಿಕವರಿ ಮೆಷಿನ್ ಇದೆಯಾ?" ರಿಕವರಿ ಎಂದರೆ ಗ್ಯಾಸ್ ಅನ್ನು ಗಾಳಿಗೆ ಬಿಡದೆ ಯಂತ್ರದ ಸಿಲಿಂಡರ್‌ಗೆ ಎಳೆದುಕೊಳ್ಳುವುದು. ವಾಲ್ವ್ ಒತ್ತಿ ಭುಸ್ಸನೆ ಬಿಟ್ಟುಬಿಡುವವರು ಬೇಕಾದಷ್ಟು ಜನ ಇದ್ದಾರೆ. ಆರ್-134ಎ ಓಜೋನ್‌ಗೆ ತೊಂದರೆ ಮಾಡುವುದಿಲ್ಲ, ನಿಜ. ಆದರೆ ಭೂಮಿಯ ತಾಪ ಏರಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,300ರಿಂದ 1,500 ಪಟ್ಟು ಬಲಶಾಲಿ. ಈ ಬಗೆಯ ಗ್ಯಾಸ್‌ಗಳನ್ನು ಹಂತಹಂತವಾಗಿ ಕಡಿಮೆ ಮಾಡುವ ಕಿಗಾಲಿ ತಿದ್ದುಪಡಿ ಎಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2021ರಲ್ಲೇ ಒಪ್ಪಿಗೆ ಕೊಟ್ಟಿದೆ.

ನಿಮಗೆ ನೇರವಾಗಿ ತಟ್ಟುವ ಅಪಾಯವೂ ಇದೆ. ಹೊರಗಿನ ಗಾಳಿಯ ಒತ್ತಡಕ್ಕೆ ಬಂದ ಕೂಡಲೇ ಆರ್-134ಎ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಅದರ ದ್ರವ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಸಂಚಕಾರ, ಚರ್ಮಕ್ಕೆ ತಾಗಿದರೆ ಹಿಮಗಾಯ. ಗಾಳಿಗಿಂತ ಭಾರವಾದ್ದರಿಂದ ಮುಚ್ಚಿದ ಶೆಡ್ಡಿನಲ್ಲಿ ನೆಲಮಟ್ಟದಲ್ಲಿ ತುಂಬಿಕೊಂಡು ಉಸಿರುಗಟ್ಟಿಸುತ್ತದೆ. ಬೆಂಕಿಗೆ, ಉರಿಯುವ ಬೀಡಿ ಸಿಗರೇಟಿಗೆ ತಾಗಿದರೆ ವಿಷಗಾಳಿಯಾಗುತ್ತದೆ. ಕೆಲಸ ಬಯಲಿನಲ್ಲಿ ಇರಲಿ.

ಗ್ಯಾಸ್ ತೆಗೆದಾಗ ಎಷ್ಟು ಗ್ರಾಂ ಬಂತು, ಜೊತೆಗೆ ಎಷ್ಟು ಆಯಿಲ್ ಬಂತು ಎಂದು ಯಂತ್ರ ತೋರಿಸುತ್ತದೆ. ಎರಡನ್ನೂ ಬರೆದುಕೊಳ್ಳಿ. ಗ್ಯಾರೇಜಿನಿಂದ ಮನೆಗೆ ಎಸಿ ಹಾಕದೆ ಓಡಿಸಿಕೊಂಡು ಬನ್ನಿ. ಕಂಪ್ರೆಸರ್‌ಗೆ ಕ್ಲಚ್ ಇದ್ದರೆ ಅದರ ವೈರಿನ ಕನೆಕ್ಟರ್ ಕಿತ್ತಿಟ್ಟರೆ ಇನ್ನೂ ನಿಶ್ಚಿಂತೆ. ಕ್ಲಚ್ ಇಲ್ಲದೆ ಬೆಲ್ಟ್ ಜೊತೆ ಸದಾ ತಿರುಗುವ ಕಂಪ್ರೆಸರ್ ಕೆಲವು ಕಾರುಗಳಲ್ಲಿದೆ. ಅಂಥವನ್ನು ಗ್ಯಾಸ್ ಇಲ್ಲದೆ ಓಡಿಸುವುದು ಬೇಡ, ಪೂರ್ತಿ ಕೆಲಸ ಗ್ಯಾರೇಜಿನಲ್ಲೇ ಮುಗಿಸಿ.

ಹಂತ 4: ಹಳೆ ಹೋಸ್ ಬಿಚ್ಚಿ

ಎಂಜಿನ್ ಪೂರ್ತಿ ಆರಲಿ. ಬ್ಯಾಟರಿಯ ನೆಗೆಟಿವ್ ಕಳಚಿ. ದಾರಿಗೆ ಅಡ್ಡ ಬರುವ ಏರ್ ಫಿಲ್ಟರ್ ಡಬ್ಬಿ, ಕೆಳಗಿನ ಪ್ಲಾಸ್ಟಿಕ್ ಕವರ್ ತೆಗೆಯಿರಿ. ಹೋಸ್ ಹಾದುಹೋಗುವ ದಾರಿಯನ್ನು, ಅದನ್ನು ಹಿಡಿದಿರುವ ಕ್ಲಿಪ್‌ಗಳನ್ನು ನಾಲ್ಕಾರು ಕಡೆಯಿಂದ ಫೋಟೋ ತೆಗೆಯಿರಿ.

ಜಾಯಿಂಟ್ ಬಿಚ್ಚುವ ಮೊದಲು ಸುತ್ತಲಿನ ಮಣ್ಣು, ಜಿಡ್ಡು ಬ್ರಷ್‌ನಿಂದ ತೆಗೆದು ಬಟ್ಟೆಯಲ್ಲಿ ಒರೆಸಿ. ಹೆಚ್ಚಿನವರು ಬಿಡುವ ಕೆಲಸ ಇದೇ. ಬಿಚ್ಚಿದ ಕ್ಷಣ ಆ ಮಣ್ಣು ಬೀಳುವುದು ಕೊಳವೆಯ ಒಳಗೆ, ಅಲ್ಲಿಂದ ನೇರ, ಕೂಲಿಂಗ್ ಕಾಯಿಲ್‌ಗೆ ಗ್ಯಾಸ್ ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್‌ನ ಕೂದಲೆಳೆಯಷ್ಟು ಸಣ್ಣ ಕಿಂಡಿಗೆ ಹೋಗಿ ಕೂರುತ್ತದೆ.

ಕನ್ನಡಕ ಹಾಕಿಕೊಳ್ಳಿ. ಜಾಯಿಂಟ್ ಮೇಲೆ ಬಟ್ಟೆ ಹೊದಿಸಿ ಬೋಲ್ಟನ್ನು ಒಂದೆರಡು ಸುತ್ತು ಮಾತ್ರ ಸಡಿಲಿಸಿ, ಉಳಿದ ಒತ್ತಡ ಹೋಗಲಿ. ಯಂತ್ರ ಎಳೆದ ಮೇಲೂ ಆಯಿಲ್‌ನಲ್ಲಿ ಕರಗಿದ್ದ ಗ್ಯಾಸ್ ಸ್ವಲ್ಪ ಹೊರಬರುತ್ತದೆ. ಸದ್ದು ಪೂರ್ತಿ ನಿಂತ ಮೇಲೆ ಬೋಲ್ಟ್ ತೆಗೆಯಿರಿ.

ಸಾಮಾನ್ಯವಾಗಿ ಎರಡು ಬಗೆಯ ಜಾಯಿಂಟ್ ಸಿಗುತ್ತವೆ. ಚೌಕಾಕಾರದ ಅಲ್ಯೂಮಿನಿಯಂ ಬ್ಲಾಕ್ ಅನ್ನು ಒಂದೇ ಬೋಲ್ಟ್ ಹಿಡಿದಿರುವುದು ಒಂದು. ಕೊಳವೆಯ ಸುತ್ತ ನಟ್ಟು ಇರುವುದು ಇನ್ನೊಂದು. ನಟ್ಟಿಗೆ ಎರಡು ಸ್ಪ್ಯಾನರ್ ಬೇಕೇ ಬೇಕು, ಒಂದು ಹಿಡಿದುಕೊಳ್ಳಲು, ಒಂದು ತಿರುಗಿಸಲು. ಒಂದರಲ್ಲೇ ಬಲ ಹಾಕಿದರೆ ಅಲ್ಯೂಮಿನಿಯಂ ಕೊಳವೆ ತಿರುಚಿಕೊಂಡು ಹೊಸ ಖರ್ಚು ಹುಟ್ಟುತ್ತದೆ. ಬ್ಲಾಕ್ ಅಂಟಿಕೊಂಡಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾಯಿರಿ, ಮೆಲ್ಲಗೆ ಎಡಬಲ ಅಲುಗಿಸಿ ನೇರವಾಗಿ ಎಳೆಯಿರಿ. ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಓ-ರಿಂಗ್ ಕೂರುವ ನುಣುಪಾದ ಮೇಲ್ಮೈಗೆ ಒಂದು ಗೀರು ಬಿದ್ದರೆ ಅದೇ ಮುಂದಿನ ಲೀಕ್.

ಬಿಚ್ಚಿದ ಮರುಕ್ಷಣವೇ ಕಂಪ್ರೆಸರ್, ಕಂಡೆನ್ಸರ್ ಬಾಯಿಗಳಿಗೆ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಬಟ್ಟೆ ತುರುಕಬೇಡಿ.

ಹಳೆ ಹೋಸ್‌ನೊಳಗಿನ ಆಯಿಲ್ ಅನ್ನು ಔಷಧಿ ಲೋಟಕ್ಕೆ ಬಗ್ಗಿಸಿ. ಸಾಮಾನ್ಯವಾಗಿ ಕೆಲವೇ ಮಿಲಿಲೀಟರ್ ಇರುತ್ತದೆ. ಅಳತೆ ಬರೆದುಕೊಂಡು ಬಣ್ಣ ನೋಡಿ. ತಿಳಿಯಾಗಿದ್ದರೆ, ತುಸು ಹಳದಿಯಿದ್ದರೆ ಚಿಂತೆಯಿಲ್ಲ. ಕಪ್ಪಾಗಿದ್ದು, ಬೆರಳಲ್ಲಿ ಉಜ್ಜಿದಾಗ ಬೆಳ್ಳಿಯಂತೆ ಹೊಳೆಯುವ ಲೋಹದ ಪುಡಿ ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಕಂಪ್ರೆಸರ್ ಒಳಗೆ ಸವೆಯುತ್ತಿದೆ. ಹೊಸ ಹೋಸ್ ಹಾಕಿದರೂ ಆ ಪುಡಿ ಎಲ್ಲವನ್ನೂ ಕಟ್ಟಿಸುತ್ತದೆ.

ಹಂತ 5: ಹೊಸ ಹೋಸ್ ಹಾಕಿ

ಮೊದಲು ಹಳೆಯದನ್ನು ಹೊಸದರ ಪಕ್ಕ ಇಟ್ಟು ಉದ್ದ, ಬಾಗು, ತುದಿಗಳ ಕೋನ, ಪ್ರೆಶರ್ ಸ್ವಿಚ್ ಅಥವಾ ಸರ್ವಿಸ್ ವಾಲ್ವ್ (ಗ್ಯಾಸ್ ತುಂಬುವ, ತೆಗೆಯುವ ಬಾಯಿ) ಇರುವ ಜಾಗ ಎಲ್ಲ ಹೋಲಿಸಿ. ಕ್ರಿಂಪ್ ಮಾಡಿಸಿ ತಂದ ಹೋಸ್‌ಗಳಲ್ಲಿ ತುದಿಯ ಕೋನ ತುಸು ತಿರುಗಿರುವುದು ಆಗಾಗ ಕಾಣುತ್ತದೆ. ಹಾಕುವಾಗ ತಿರುಚಿ ಕೂರಿಸಿದರೆ ಕೂರುತ್ತದೆ, ಆದರೆ ಆ ತಿರುಚು ಬಾಳಿಕೆ ತಿನ್ನುತ್ತದೆ. ವಾಪಸ್ ತೆಗೆದುಕೊಂಡು ಹೋಗಿ ಸರಿ ಮಾಡಿಸಿ.

ಈಗ ಓ-ರಿಂಗ್. ಇಡೀ ಕೆಲಸದಲ್ಲಿ ಅತಿ ಅಗ್ಗದ ಸಾಮಾನು ಇದು, ಕೆಲಸ ಕೆಡುವುದು ಹೆಚ್ಚಾಗಿ ಇದರಿಂದಲೇ. ಹಳೆಯದನ್ನು ತೆಗೆಯಲು ಮರದ ಹಲ್ಲುಕಡ್ಡಿ ಬಳಸಿ, ಪಿನ್ನು ಸೂಜಿ ಬೇಡ. ಹಳೆಯದನ್ನು ಬೆರಳ ನಡುವೆ ಹಿಡಿದು ನೋಡಿ: ಒಂದು ಕಡೆ ಚಪ್ಪಟೆಯಾಗಿ, ಗಟ್ಟಿಯಾಗಿ ಹೋಗಿರುತ್ತದೆ. ಅದಕ್ಕೇ ಮತ್ತೆ ಹಾಕಬಾರದು. ಹೊಸದು ಹೆಚ್ಚಾಗಿ ಹಸಿರು ಬಣ್ಣದಲ್ಲಿ ಬರುತ್ತದೆ, ಎಚ್‌ಎನ್‌ಬಿಆರ್ ಎಂಬ ಬಗೆಯ ರಬ್ಬರ್. ಬಣ್ಣವನ್ನೇ ನಂಬದೆ ಪೊಟ್ಟಣದ ಮೇಲೆ ಆರ್-134ಎ ಎಂದಿದೆಯಾ ಓದಿ. ಪ್ಲಂಬಿಂಗ್ ಅಂಗಡಿಯ ರಿಂಗ್ ಅಳತೆಗೆ ಸರಿಯಾಗಿ ಕೂತರೂ ಈ ಕೆಲಸಕ್ಕೆ ಆಗದು. ಕೆಲವು ಕಾರುಗಳಲ್ಲಿ ಓ-ರಿಂಗ್ ಬದಲು ರಬ್ಬರ್ ಅಂಚಿನ ಲೋಹದ ವಾಷರ್ ಇರುತ್ತದೆ. ಅಲ್ಲಿ ಅದನ್ನೇ ಹಾಕಬೇಕು.

ಓ-ರಿಂಗ್‌ಗೆ ಬೆರಳ ತುದಿಯಲ್ಲಿ ಒಂದು ಹನಿ ಎಸಿ ಆಯಿಲ್ ಸವರಿ. ಗ್ರೀಸ್ ಬೇಡ, ಎಂಜಿನ್ ಆಯಿಲ್ ಬೇಡ, ಸಿಲಿಕೋನ್ ಗಂ ಅಂತೂ ಬೇಡವೇ ಬೇಡ. ಒಣಗಿದ ರಿಂಗ್ ಒಳಗೆ ಹೋಗುವಾಗ ಸುತ್ತಿಕೊಂಡು ಅಂಚಿನಲ್ಲಿ ಕತ್ತರಿಸಿಕೊಳ್ಳುತ್ತದೆ, ಹೊರಗಿಂದ ನಿಮಗೆ ಕಾಣುವುದೇ ಇಲ್ಲ.

ಹಳೆ ಹೋಸ್‌ನಿಂದ ಬಂದಷ್ಟು ಆಯಿಲ್, ಯಂತ್ರ ಎಳೆದುಕೊಂಡಷ್ಟು ಆಯಿಲ್, ಎರಡೂ ಸೇರಿಸಿ ಹೊಸದನ್ನು ಹೋಸ್‌ಗೆ ಹಾಕಿ. ತುಂಬಿಸುವಾಗ ಯಂತ್ರದಿಂದಲೇ ಹಾಕುತ್ತಾರಾದರೆ ಎರಡು ಸಲ ಆಗದಂತೆ ಅವರಿಗೆ ಹೇಳಿಬಿಡಿ. ಆಯಿಲ್ ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆ ತಪ್ಪು. ಹೆಚ್ಚಾದ ಆಯಿಲ್ ಕೂಲಿಂಗ್ ಕಾಯಿಲ್‌ನಲ್ಲಿ ನಿಂತು ತಂಪು ಕಡಿಮೆಯಾಗುತ್ತದೆ.

ಎರಡೂ ತುದಿಯ ಬೋಲ್ಟ್‌ಗಳನ್ನು ಮೊದಲು ಕೈಯಿಂದಲೇ ನಾಲ್ಕಾರು ಸುತ್ತು ತಿರುಗಿಸಿ. ಬ್ಲಾಕ್ ಮುಖಕ್ಕೆ ಮುಖ ಕೂತ ಮೇಲೆ ಮಾತ್ರ ಸ್ಪ್ಯಾನರ್ ಹಾಕಿ. ಓರೆಯಾಗಿ ಕೂತಿರುವ ಬ್ಲಾಕನ್ನು ಬೋಲ್ಟ್ ಬಿಗಿದು ಎಳೆಯಬೇಡಿ. 6 ಮಿಲಿಮೀಟರ್ ಬೋಲ್ಟ್‌ಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿ ಸಾಕು, ನಿಮ್ಮ ಕಾರಿನ ಮ್ಯಾನ್ಯುಅಲ್‌ನಲ್ಲಿ ಬೇರೆ ಇದ್ದರೆ ಅದೇ ಅಂತಿಮ. ಸಣ್ಣ ಸ್ಪ್ಯಾನರನ್ನು ಮಣಿಕಟ್ಟಿನ ಬಲದಲ್ಲಿ ಬಿಗಿದಷ್ಟು ಅಂದುಕೊಳ್ಳಿ. ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬಂದರೆ ಕಂಡೆನ್ಸರ್ರೋ ಕಂಪ್ರೆಸರ್ರೋ ಬದಲಿಸುವ ಮಾತು ಬರುತ್ತದೆ.

ಫೋಟೋ ನೋಡಿಕೊಂಡು ಎಲ್ಲ ಕ್ಲಿಪ್ ಹಾಕಿ. ಹೋಸ್ ಬೆಲ್ಟ್‌ಗೆ, ಫ್ಯಾನ್‌ಗೆ, ಸೈಲೆನ್ಸರ್‌ಗೆ ತಾಗದಂತಿರಲಿ. ಎಂಜಿನ್ ಅಲುಗಿದಾಗಲೂ ತಾಗಬಾರದು.

ಹಂತ 6: ವ್ಯಾಕ್ಯೂಮ್ ಎಳೆಯುವುದು

ಹೋಸ್ ಹಾಕಿದ ದಿನವೇ ಗ್ಯಾರೇಜಿಗೆ ಹೋಗಿ. ವ್ಯಾಕ್ಯೂಮ್ ಎಂದರೆ ಪಂಪು ಹಾಕಿ ಒಳಗಿನ ಗಾಳಿಯನ್ನು ಪೂರ್ತಿ ಹೊರತೆಗೆಯುವುದು. ಗಾಳಿಗಿಂತ ಮುಖ್ಯವಾದ ಗುರಿ ತೇವ. ಒತ್ತಡ ಸಾಕಷ್ಟು ಇಳಿದಾಗ 25 ಡಿಗ್ರಿಯಲ್ಲೇ ನೀರು ಕುದಿದು ಆವಿಯಾಗಿ ಪಂಪಿನ ಮೂಲಕ ಹೊರಹೋಗುತ್ತದೆ. ತೇವ ಒಳಗೇ ಉಳಿದರೆ ಎಕ್ಸ್‌ಪ್ಯಾನ್ಷನ್ ವಾಲ್ವ್‌ನಲ್ಲಿ ಮಂಜುಗಡ್ಡೆಯಾಗಿ ಕಟ್ಟುತ್ತದೆ, ಗ್ಯಾಸ್, ಆಯಿಲ್ ಜೊತೆ ಸೇರಿ ಆಮ್ಲವಾಗಿ ಒಳಗಿಂದ ತಿನ್ನುತ್ತದೆ.

ನೀರು ಕುದಿಯಲು ಸಮಯ ಬೇಕು. ಹಾಗಾಗಿ ಐದು ನಿಮಿಷ ಪಂಪು ಓಡಿಸಿ "ಆಯ್ತು" ಎನ್ನುವುದು ಲೆಕ್ಕಕ್ಕಿಲ್ಲ. ಕನಿಷ್ಠ 30ರಿಂದ 45 ನಿಮಿಷ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಆಮೇಲೆ ವಾಲ್ವ್ ಮುಚ್ಚಿ ಪಂಪು ನಿಲ್ಲಿಸಿ 15-20 ನಿಮಿಷ ಗೇಜಿನ ಮುಳ್ಳು ನೋಡಬೇಕು. ಅದು ಸೊನ್ನೆಯ ಕಡೆ ಏರುತ್ತಲೇ ಹೋದರೆ ಲೀಕ್ ಇದೆ. ತುಸು ಏರಿ ನಿಂತರೆ ತೇವ ಉಳಿದಿದೆ, ಮತ್ತೆ ಪಂಪು ಹಾಕಬೇಕು.

ಇಲ್ಲೊಂದು ಸ್ಥಳೀಯ ಗೊಂದಲ. ಯೂಟ್ಯೂಬ್ ವಿಡಿಯೋಗಳಲ್ಲಿ ಮುಳ್ಳು 29 ಇಂಚಿಗೆ (ವ್ಯಾಕ್ಯೂಮ್ ಅಳೆಯುವ ಪಾದರಸದ ಇಂಚು) ಬರಬೇಕು ಎನ್ನುತ್ತಾರೆ. ಅದು ಸಮುದ್ರ ಮಟ್ಟದ ಮಾತು, ಮಂಗಳೂರಿಗೆ ಸರಿ. ಬೆಂಗಳೂರು 900 ಮೀಟರ್‌ಗಿಂತ ಎತ್ತರದಲ್ಲಿದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ, ಆದ್ದರಿಂದ ಪೂರ್ತಿ ಖಾಲಿಯಾದರೂ ಮುಳ್ಳು 27 ಇಂಚಿನ ಹತ್ತಿರವೇ ನಿಲ್ಲುತ್ತದೆ. ಮಡಿಕೇರಿಯಲ್ಲಿ 26ರ ಆಸುಪಾಸು. ಇದು ಗೊತ್ತಿಲ್ಲದೆ ಒಳ್ಳೆಯ ಪಂಪನ್ನು ಕೆಟ್ಟಿದೆ ಎಂದು ವಾಪಸ್ ಕೊಟ್ಟವರಿದ್ದಾರೆ, ಇಲ್ಲದ ಲೀಕ್ ಹುಡುಕುತ್ತಾ ದಿನ ಕಳೆದವರೂ ಇದ್ದಾರೆ.

ಹಂತ 7: ಗ್ಯಾಸ್ ತುಂಬುವುದು

ಸ್ಟಿಕರ್‌ನಲ್ಲಿ ಎಷ್ಟು ಗ್ರಾಂ ಇದೆಯೋ ಅಷ್ಟೇ, ತೂಕ ನೋಡಿ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 300ರಿಂದ 500 ಗ್ರಾಂ ಒಳಗೇ ಇರುತ್ತದೆ. ಇಷ್ಟು ಕಡಿಮೆ ಪ್ರಮಾಣದಲ್ಲಿ 50 ಗ್ರಾಂ ಹೆಚ್ಚುಕಮ್ಮಿಯಾದರೂ ವ್ಯತ್ಯಾಸ ಗೊತ್ತಾಗುತ್ತದೆ. "ಒಂದು ಡಬ್ಬಿ ಹಾಕಿದರೆ ಸರಿಹೋಗುತ್ತೆ" ಎನ್ನುವುದು ಲೆಕ್ಕವಲ್ಲ. ಹೆಚ್ಚಾದ ಗ್ಯಾಸ್ ತಂಪು ಕಡಿಮೆ ಮಾಡುತ್ತದೆ, ಒತ್ತಡ ಏರಿಸುತ್ತದೆ, ನೀವು ಈಗಷ್ಟೇ ಹಾಕಿದ ಹೋಸನ್ನೇ ಮತ್ತೆ ಒಡೆಯುತ್ತದೆ.

ಯಂತ್ರವಿಲ್ಲದೆ ಡಬ್ಬಿಯಿಂದ ತುಂಬುವವರು ಇವಿಷ್ಟನ್ನು ಗೋಡೆಗೆ ಬರೆದಿಟ್ಟುಕೊಳ್ಳಲಿ. ಡಬ್ಬಿಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ನೆಟ್ಟಗೆ ನಿಲ್ಲಿಸಿ, ತಲೆಕೆಳಗೆ ಮಾಡಬೇಡಿ. ತಲೆಕೆಳಗಾದರೆ ದ್ರವ ಹೋಗಿ ಕಂಪ್ರೆಸರ್ ಮುರಿಯುತ್ತದೆ. ಗೇಜ್ ಸೆಟ್‌ಗೆ ಮೂರು ಬಣ್ಣದ ಕೊಳವೆಗಳಿರುತ್ತವೆ; ಡಬ್ಬಿಗೆ ಜೋಡಿಸುವ ಹಳದಿ ಕೊಳವೆಯೊಳಗಿನ ಗಾಳಿಯನ್ನು ಮೊದಲು ಒಂದು ಕ್ಷಣ ಗ್ಯಾಸ್ ಬಿಟ್ಟು ಹೊರಹಾಕಿ. ಎಂಜಿನ್ ಓಡುವಾಗ ನೀಲಿ ಕಡೆಯಿಂದ, ಅಂದರೆ ಕಡಿಮೆ ಒತ್ತಡದ ಕಡೆಯಿಂದ ಮಾತ್ರ ತುಂಬಬೇಕು. ಹೆಚ್ಚಿನ ಒತ್ತಡದ ಕಡೆಯ ಕೆಂಪು ವಾಲ್ವ್ ತೆರೆದರೆ ಕಂಪ್ರೆಸರ್‌ನ ಒತ್ತಡ ಡಬ್ಬಿಗೆ ನುಗ್ಗಿ ಅದು ಕೈಯಲ್ಲೇ ಸಿಡಿಯಬಹುದು. ಈ ಒಂದು ತಪ್ಪಿಗೆ ಎರಡನೇ ಅವಕಾಶ ಇರುವುದಿಲ್ಲ. ಡಬ್ಬಿ ತಣ್ಣಗಾಗಿ ಗ್ಯಾಸ್ ನಿಧಾನವಾದರೆ ಉಗುರುಬೆಚ್ಚಗಿನ ನೀರಿನಲ್ಲಿಡಿ. ಲೈಟರ್, ಸ್ಟವ್ ಹತ್ತಿರವೂ ತರಬೇಡಿ.

"ಲೀಕ್ ಸ್ಟಾಪ್" ಬೆರೆಸಿದ ಡಬ್ಬಿ ಯಾರಾದರೂ ಕೊಟ್ಟರೆ ಬೇಡ ಎನ್ನಿ. ಆ ಅಂಟು ವಾಲ್ವ್‌ನಲ್ಲೂ ಗಟ್ಟಿಯಾಗುತ್ತದೆ, ಗ್ಯಾರೇಜಿನ ಯಂತ್ರವನ್ನೂ ಕೆಡಿಸುತ್ತದೆ. ನಿಮ್ಮ ಕಾರಿನಲ್ಲಿ ಅದಿದೆ ಎಂದು ಗೊತ್ತಾದರೆ ಮುಂದೆ ಯಾರೂ ಮುಟ್ಟುವುದಿಲ್ಲ.

ಹಂತ 8: ಪರೀಕ್ಷೆ

ಎಸಿ ಪೂರ್ತಿ ತಂಪಿಗಿಟ್ಟು, ಬ್ಲೋವರ್ ಜೋರಾಗಿಟ್ಟು, ಬಾಗಿಲು ತೆರೆದು, ಎಂಜಿನ್ ನಿಮಿಷಕ್ಕೆ 1,500 ಸುತ್ತಿಗೆ ಹಿಡಿದು ಹತ್ತು ನಿಮಿಷ ಓಡಿಸಿ. ಹೊರಗೆ 30ರಿಂದ 35 ಡಿಗ್ರಿ ಇರುವಾಗ ಕಡಿಮೆ ಕಡೆ 25ರಿಂದ 45 ಪಿಎಸ್‌ಐ, ಹೆಚ್ಚಿನ ಕಡೆ 180ರಿಂದ 250 ಪಿಎಸ್‌ಐ ಒಳಗೆ ಸಾಮಾನ್ಯವಾಗಿ ಇರಬೇಕು. ಎರಡೂ ಕಡೆ ಕಡಿಮೆಯಿದ್ದರೆ ಗ್ಯಾಸ್ ಸಾಲದು. ಎರಡೂ ಹೆಚ್ಚಿದ್ದರೆ ಗ್ಯಾಸ್ ಹೆಚ್ಚಾಗಿದೆ, ಇಲ್ಲವೇ ಒಳಗೆ ಗಾಳಿ ಉಳಿದಿದೆ, ಇಲ್ಲವೇ ಫ್ಯಾನ್ ಓಡುತ್ತಿಲ್ಲ. ಫ್ಯಾನನ್ನು ಮೊದಲು ನೋಡಿ, ಅದಕ್ಕೆ ಖರ್ಚಿಲ್ಲ.

ಒತ್ತಡ ಸರಿಯಿದ್ದರೆ ಕಿಟಕಿ ಏರಿಸಿ, ಗಾಳಿ ಒಳಗೇ ಸುತ್ತುವಂತಿಟ್ಟು, ನಡುವಿನ ಕಿಂಡಿಗೆ ಥರ್ಮಾಮೀಟರ್ ಹಿಡಿಯಿರಿ. 5ರಿಂದ 10 ಡಿಗ್ರಿ ಬಂದರೆ ಕೆಲಸ ಚೆನ್ನಾಗಿ ಆಗಿದೆ. ಕರಾವಳಿಯ ಸೆಕೆಯಲ್ಲಿ ಒಂದೆರಡು ಡಿಗ್ರಿ ಹೆಚ್ಚು ಬಂದರೆ ಗಾಬರಿ ಬೇಡ. ಗಾಳಿಯಲ್ಲಿನ ತೇವವನ್ನು ನೀರಾಗಿಸುವುದಕ್ಕೇ ಎಸಿಯ ಬಹಳಷ್ಟು ಶಕ್ತಿ ಖರ್ಚಾಗುತ್ತದೆ.

ಎಂಜಿನ್ ನಿಲ್ಲಿಸಿ ಹೊಸ ಜಾಯಿಂಟ್‌ಗಳಿಗೆ ಮತ್ತೊಮ್ಮೆ ಸೋಪಿನ ನೀರು ಬಳಿದು ನೋಡಿ, ನಂತರ ಒರೆಸಿ ಒಣಗಿಸಿ. ಸರ್ವಿಸ್ ವಾಲ್ವ್‌ಗಳ ಪ್ಲಾಸ್ಟಿಕ್ ಮುಚ್ಚಳ ಎರಡನ್ನೂ ಹಾಕಿ. ಅವು ಬರೀ ಧೂಳಿಗಲ್ಲ, ಒಳಗಿನ ರಬ್ಬರ್ ರಿಂಗ್ ಗ್ಯಾಸ್ ಜಿನುಗುವುದನ್ನೂ ತಡೆಯುತ್ತದೆ. ಕಳೆದುಹೋಗಿದ್ದರೆ ಹೊಸದು ಕೊಳ್ಳಿ.

ಒಂದು ವಾರ ಓಡಿಸಿದ ಮೇಲೆ ಜಾಯಿಂಟ್‌ಗಳ ಸುತ್ತ ಬಿಳಿ ಟಿಶ್ಯೂ ಒತ್ತಿ ನೋಡಿ. ಜಿಡ್ಡು ಹತ್ತಿದರೆ ಬೋಲ್ಟ್ ಇನ್ನಷ್ಟು ಬಿಗಿಯಲು ಹೋಗಬೇಡಿ, ಓ-ರಿಂಗ್ ಕತ್ತರಿಸಿದೆ ಅಂತಲೇ ತಿಳಿಯಿರಿ. ಗ್ಯಾಸ್ ಮತ್ತೆ ತೆಗೆಸಿ ಆ ಜಾಯಿಂಟ್ ಬಿಚ್ಚಬೇಕು. ಟಿಶ್ಯೂ ಒಣಗಿದ್ದರೆ ಗ್ಯಾಸ್ ತುಂಬಿಸಿದ ದಿನಾಂಕ, ಎಷ್ಟು ಗ್ರಾಂ, ಯಾವ ಆಯಿಲ್ ಎಂಬುದನ್ನು ಮಾರ್ಕರ್‌ನಲ್ಲಿ ಬಾನೆಟ್ ಒಳಗಿನ ಸ್ಟಿಕರ್ ಪಕ್ಕದಲ್ಲೇ ಬರೆದಿಡಿ. ಮುಂದಿನ ಬೇಸಿಗೆಯಲ್ಲಿ ಯಾರಾದರೂ "ಗ್ಯಾಸ್ ಕಮ್ಮಿ ಇದೆ" ಎಂದರೆ, ಎಷ್ಟು ಗ್ರಾಂ ಹೊರಬಂತು ಎಂದು ಯಂತ್ರದಲ್ಲಿ ತೋರಿಸಲು ಹೇಳಿ.